ನಿಮಗಿದು ಗೊತ್ತೆ? ಯೋನಿಯನ್ನು ಮರುರೂಪಿಸಬಹುದು

ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬರು ಗರ್ಭಕೋಶವಿಲ್ಲದೆ, ಯೋನಿಮಾರ್ಗ ಪೂರ್ಣ ಬೆಳೆಯದೆ ಹುಟ್ಟುತ್ತಾರೆ. ವೈದ್ಯರು ಇದನ್ನು ಎಂಆರ್‌ಕೆಎಚ್ ಎನ್ನುತ್ತಾರೆ.

● ಅಂಡಾಶಯ ಸಹಜವಾಗಿರುವುದರಿಂದ ಹರೆಯದ ಉಳಿದ ಬದಲಾವಣೆಗಳೆಲ್ಲ ಆಗುತ್ತವೆ. ಮುಟ್ಟು ಮಾತ್ರ ಬರುವುದಿಲ್ಲ.

● ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ. ಡೈಲೇಟರ್ ಎಂಬ ನಯವಾದ ಸಾಧನವನ್ನು ತಿಂಗಳುಗಟ್ಟಲೆ ಬಳಸಿ ಮಾರ್ಗವನ್ನು ಹಿಗ್ಗಿಸುತ್ತಾರೆ. ಕ್ರಮ ತಪ್ಪದೆ ಬಳಸಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಇಷ್ಟೇ ಸಾಕು.

● ಅದು ಫಲಿಸದಿದ್ದರೆ ಶಸ್ತ್ರಚಿಕಿತ್ಸೆ. 1938ರಲ್ಲಿ ಆರ್ಚಿಬಾಲ್ಡ್ ಮೆಕಿಂಡೋ ಪ್ರಕಟಿಸಿದ ವಿಧಾನದಲ್ಲಿ ರೋಗಿಯದೇ ಚರ್ಮದ ತೆಳುಪದರದಿಂದ ಹೊಸ ಮಾರ್ಗ ರೂಪಿಸುತ್ತಾರೆ. ಡೇವಿಡೊವ್ ವಿಧಾನದಲ್ಲಿ ಹೊಟ್ಟೆಯ ಒಳಪೊರೆ ಬಳಸುತ್ತಾರೆ. ಜಟಿಲ ಪ್ರಕರಣಗಳಲ್ಲಿ ದೊಡ್ಡ ಕರುಳಿನ ತುಂಡು. ವೆಕ್ಕಿಯೆಟ್ಟಿ ವಿಧಾನದಲ್ಲಿ ದಿನಕ್ಕೆ ಸುಮಾರು 1 ಸೆಂ.ಮೀ.ನಂತೆ ಎಳೆದು ಒಂದು ವಾರದಲ್ಲಿ ಮಾರ್ಗವನ್ನು ಉದ್ದ ಮಾಡುತ್ತಾರೆ.

● ಗರ್ಭಕೋಶವಿಲ್ಲದ ವಿವಾಹಿತೆಯರಿಗೆ 2021ರ ಬಾಡಿಗೆ ತಾಯ್ತನ ಕಾಯ್ದೆಯ ನಿಯಮಗಳಂತೆ ಬಾಡಿಗೆ ತಾಯಿಯ ಮೂಲಕ ಮಗು ಪಡೆಯಲು ಅವಕಾಶವಿದೆ.

ಮಗಳಿಗೆ 15 ತುಂಬಿದರೂ ಮುಟ್ಟಾಗಿಲ್ಲವೇ? ಹರಕೆ ಹೊತ್ತು ಕಾಯಬೇಡಿ. ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಸುತ್ತಲಿನವರಿಗೆ ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ಸ್ತ್ರೀರೋಗ ತಜ್ಞರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ. ಇದರಲ್ಲಿ ಮಗಳ ತಪ್ಪಿಲ್ಲ, ತಾಯಿಯ ತಪ್ಪೂ ಇಲ್ಲ.