ಯಕ್ಷಗಾನ ಮೇಳ: ಯಜಮಾನಿಕೆ ಮತ್ತು ಆಶುಪ್ರತಿಭೆ

ಕರಾವಳಿಯ ವೃತ್ತಿ ಮೇಳವನ್ನು ಕಲಾತಂಡವೆಂದಷ್ಟೇ ಪರಿಗಣಿಸುವುದು ವಾಡಿಕೆ. ಅದು ಸೇವೆಯಿಂದ ಬದುಕುವ ಸಂಚಾರಿ ಉದ್ಯಮವೂ ಹೌದು. ದೀಪಾವಳಿಯ ಅನಂತರ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಊರೂರು ತಿರುಗುತ್ತದೆ. ಕಟೀಲಿನಂತಹ ಹರಕೆಯಾಟದ ಮೇಳಗಳಿಗೆ ಆಟಗಳು ವರ್ಷಗಳ ಮೊದಲೇ ಗೊತ್ತಾಗಿರುತ್ತವೆ. ಡೇರೆ ಮೇಳಗಳಿಗೆ ಆ ಭದ್ರತೆ ಇರಲಿಲ್ಲ. 20ನೆಯ ಶತಮಾನದ ಮಧ್ಯಭಾಗದಲ್ಲಿ ಟಿಕೇಟಿನ ಆಟಕ್ಕೆ ತೊಡಗಿದ ಯಜಮಾನರು ಜನರನ್ನು ಸೆಳೆಯಲು ತುಳು ಪ್ರಸಂಗಗಳನ್ನೂ ನೆಚ್ಚಬೇಕಾಯಿತು.

ಆದರೆ ಯಜಮಾನನ ಲೆಕ್ಕಾಚಾರವನ್ನು ರಂಗದಲ್ಲಿ ದಕ್ಕಿಸಿಕೊಡುವವರು ಕಲಾವಿದರು. ಪ್ರಸಂಗದಲ್ಲಿ ಪದ್ಯಗಳಷ್ಟೇ ಲಿಖಿತ. ಅರ್ಥಗಾರಿಕೆ ಆ ಕ್ಷಣದ್ದು. ವೇಷಧಾರಿಯೊಬ್ಬ ಬಾರದಿದ್ದರೆ ಚೌಕಿಯಲ್ಲೇ ವೇಷಗಳ ಮರುಹಂಚಿಕೆಯಾಗುತ್ತದೆ. ಹೊತ್ತು ಮೀರಿದರೆ ಭಾಗವತರು ಪದ್ಯಗಳನ್ನು ಬಿಡುತ್ತಾರೆ, ಪಾತ್ರಧಾರಿ ಅದನ್ನರಿತು ಮಾತನ್ನು ಮೊಟಕುಗೊಳಿಸುತ್ತಾನೆ. ಹಾಸ್ಯಗಾರನಂತೂ ಆ ಊರಿನ ಸುದ್ದಿಯನ್ನೇ ಮಾತಿಗೆ ತರಬಲ್ಲ. ಇದು ಸ್ವೇಚ್ಛೆಯಲ್ಲ, ತಾಳ, ನಡೆ, ಕಥಾಸೂತ್ರಗಳು ಎಲ್ಲರಿಗೂ ಕರಗತವಾಗಿರುವುದರಿಂದಲೇ ಸಾಧ್ಯವಾಗುವಂಥದು. ಮೇಳಗಳ ಏಳುಬೀಳನ್ನು ಯಜಮಾನರ ಜಾಣ್ಮೆಯಿಂದಲೇ ವಿವರಿಸುವ ಬರಹಗಳು ಈ ಅಂಶವನ್ನು ಗಮನಿಸುವುದಿಲ್ಲ.

ಈಚಿನ ಕಾಲಮಿತಿ ಪ್ರಯೋಗ ಮೇಳಗಳಿಗೆ ಹೊಸ ಪ್ರೇಕ್ಷಕರನ್ನು ತಂದಿದೆ. ಆದರೆ ಅದರಲ್ಲಿ ಮೊದಲು ಕತ್ತರಿ ಬೀಳುವುದು ಅರ್ಥಗಾರಿಕೆಗೆ. ಕಿರಿಯ ವೇಷಧಾರಿಗಳು ಆಶುಮಾತನ್ನು ಕಲಿಯುತ್ತಿದ್ದುದು ಹಿರಿಯರ ಇರುಳಿಡೀ ಸಂವಾದಗಳನ್ನು ಕೇಳಿಯೇ.