ಎದೆಯ ಕೆಮ್ಮೂ ಒಲೆಯ ಹೊಗೆಯೂ

ಶ್ವಾಸನಾಳಗಳ ಒಳಪದರವು ಊದಿಕೊಂಡು ಕಫವೂ ಕೆಮ್ಮೂ ಉಂಟಾಗುವ ವ್ಯಾಧಿಗೆ ವೈದ್ಯರು ಬ್ರಾಂಕೈಟಿಸ್ ಎನ್ನುವರು. ಇದರಲ್ಲಿ ಎರಡು ವಿಧಗಳುಂಟು.

ಮೊದಲನೆಯದು ಥಟ್ಟನೆ ಬಂದು ಕೆಲವು ವಾರಗಳಲ್ಲಿ ಹೋಗತಕ್ಕದ್ದು. ನೆಗಡಿ, ಇನ್‌ಫ್ಲುಯೆಂಜಾ ಮೊದಲಾದವುಗಳ ವೈರಸುಗಳೇ ಬಹುಮಟ್ಟಿಗೆ ಇದಕ್ಕೆ ಕಾರಣ. ಆದುದರಿಂದ ಆಂಟಿಬಯಾಟಿಕ್ ಮಾತ್ರೆಗಳಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಮಗಳು ಕೆಮ್ಮಿದೊಡನೆ ಮೊಸರನ್ನವನ್ನು ದೂಷಿಸುವ ತಾಯಂದಿರು ಅದರ ಮೇಲೆ ಸಲ್ಲದ ಅಪವಾದವನ್ನು ಹೊರಿಸುತ್ತಾರೆಂದೇ ನನ್ನ ಅಭಿಪ್ರಾಯ.

ಎರಡನೆಯದು ಬೇರೂರುವಂಥಾದ್ದು. ವರುಷದಲ್ಲಿ ಮೂರು ತಿಂಗಳಾದರೂ ಕಫದ ಕೆಮ್ಮಿದ್ದು, ಒಂದರ ಮೇಲೊಂದರಂತೆ ಎರಡು ವರುಷ ಹಾಗೆಯೇ ನಡೆದರೆ ಇದೆಂದು ತಿಳಿಯುವರು. ಬೀಡಿ ಸಿಗರೇಟುಗಳು ಇದಕ್ಕೆ ಮುಖ್ಯ ಕಾರಣವೆಂಬುದು ಸರ್ವರಿಗೂ ತಿಳಿದದ್ದೇ. ಹತ್ತಿಯ ಗಿರಣಿಯ ಮತ್ತು ಕಲ್ಲುಕೆಲಸದ ಧೂಳೂ ಕಾರಣವಾಗುವದು. ಆದರೆ ಆಯುಷ್ಯದಲ್ಲಿ ಬೀಡಿಯನ್ನು ಕೈಯಿಂದಲೂ ಮುಟ್ಟದ ನಮ್ಮ ಅಜ್ಜಿಯಂದಿರಿಗೆ ಇದು ಬಂದದ್ದೆಲ್ಲಿಂದ?

ಶ್ವಾಸನಾಳಗಳ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಎಡೆಬಿಡದೆ ಆಡುತ್ತಾ ಧೂಳನ್ನೂ ಕಫವನ್ನೂ ಗಂಟಲಿನ ಕಡೆಗೆ ಗುಡಿಸುತ್ತಿರುವವು. ಸೌದೆ, ಬೆರಣಿ, ತೆಂಗಿನ ಗರಿಗಳ ಹೊಗೆಯು ವರುಷಗಟ್ಟಲೆ ತಾಕಿದಾಗ ಈ ರೋಮಗಳು ಕೆಟ್ಟು, ಕಫವು ಹೆಚ್ಚಿ, ಅದನ್ನು ಹೊರಗೆ ಹಾಕಲು ಕೆಮ್ಮೊಂದೇ ಉಪಾಯವಾಗಿ ಉಳಿಯುವದು. ಒಲೆ ಊದುವವಳ ಕಂಕುಳಲ್ಲಿರುವ ಕೂಸಿಗಂತೂ ಅಪಾಯವು ಅಧಿಕ; ಅದರ ಶ್ವಾಸನಾಳಗಳು ಬಹಳ ಕಿರಿದು. ವೃದ್ಧರೂ ಉಬ್ಬಸವುಳ್ಳವರೂ ಇಂಥಾ ಹೊಗೆಯನ್ನು ತಾಳಲಾರರು.

2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಅನೇಕ ಬಡವರ ಮನೆಗಳಿಗೂ ಗ್ಯಾಸ್ ಒಲೆ ಬಂದಿದೆ. ಆದರೂ ಸಿಲಿಂಡರು ಮುಗಿಯಬಾರದೆಂದು ಅನ್ನಕ್ಕೆ ಸೌದೆಯನ್ನೇ ಉರಿಸುವವರುಂಟು. ಬಚ್ಚಲ ಹಂಡೆಯ ಒಲೆಯಂತೂ ಅನುಕೂಲಸ್ಥರ ಮನೆಗಳಲ್ಲಿಯೂ ಆರಿಲ್ಲ. ಅದರ ಉರಿ ನೋಡಿಕೊಳ್ಳುತ್ತಾ ಅಲ್ಲಿಯೇ ಕುಳಿತು ಓದೆಂದು ಹೇಳುವದು ಮಗಳಿಗೇ ಹೊರತು ಮಗನಿಗಲ್ಲ. ಸೌದೆಯನ್ನು ಬಿಡಲಾಗದಿದ್ದರೆ ಅದನ್ನು ಚೆನ್ನಾಗಿ ಒಣಗಿಸಿ, ಹೊಗೆಕೊಳವೆಯನ್ನು ಇಡಿಸಿ, ಕಿಟಕಿಯನ್ನು ತೆರೆದಿಟ್ಟು, ಮಕ್ಕಳನ್ನು ದೂರವಿಡತಕ್ಕದ್ದು.

ಮನೆಯ ಹಿರಿಯಳು ಕೆಮ್ಮಿದರೆ ವಯಸ್ಸಿನ ಕೆಮ್ಮೆಂದು ಹೇಳಿ ಸುಮ್ಮನಿರುವದು ನಮ್ಮಲ್ಲಿ ರೂಢಿ. ವಯಸ್ಸಿಗೆ ಕೆಮ್ಮಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ, ಕ್ಷಯವಲ್ಲವೆಂದು ನಿಶ್ಚಯಮಾಡಿಕೊಳ್ಳುವದಕ್ಕಾಗಿ, ಕಫವನ್ನು ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ಕೊಡಬೇಕಾದದ್ದಿಲ್ಲ. ಕಫದಲ್ಲಿ ರಕ್ತ ಕಂಡರಾಗಲಿ, ಕೂಸು ಹಾಲು ಬಿಟ್ಟು, ಉಸಿರೆಳೆಯುವಾಗ ಪಕ್ಕೆಗಳು ಒಳಕ್ಕೆ ಸೆಳೆದರಾಗಲಿ, ಅದೇ ದಿನ ವೈದ್ಯರ ಬಳಿಗೆ ಹೋಗತಕ್ಕದ್ದು.