ಉತಾರದಲ್ಲಿ ಯಾರ ಹೆಸರಿದೆ?

ಒಕ್ಕಲುತನವನ್ನೇ ನಂಬಿರುವ ಚಡಚಣ, ಇಂಡಿ ಭಾಗದ ಮನೆತನಗಳಲ್ಲಿ ಹೊಲದಷ್ಟೇ ಬೆಲೆ ಹೊಲದ ಉತಾರಕ್ಕೂ ಉಂಟು. ಬೆಳೆಸಾಲ, ಬೆಳೆ ಪರಿಹಾರ, ಅಣ್ಣತಮ್ಮಂದಿರ ಹಿಸ್ಸೆ, ಕೋರ್ಟಿನ ವ್ಯಾಜ್ಯ, ಯಾವುದೇ ಇರಲಿ, ಮೊದಲು ಕೇಳುವುದು ಅದನ್ನೇ.

ಹಿಂದೆ ಈ ದಾಖಲೆ ತಲಾಠಿಗಳ ದಫ್ತರದಲ್ಲಿತ್ತು. ಒಂದು ನಕಲಿಗಾಗಿ ರೈತನು ಅವರು ದೊರೆಯುವ ದಿನವನ್ನು ಕಾಯಬೇಕಾಗಿತ್ತು. ಕೈಬರಹದಲ್ಲಿ ಒಂದಕ್ಷರ ತಿದ್ದಿದ್ದರೂ ಅವನಿಗೆ ತಿಳಿಯುವ ದಾರಿಯಿರಲಿಲ್ಲ.

ಈ ಕಷ್ಟವನ್ನು ನೀಗಲು ಕರ್ನಾಟಕ ಸರಕಾರವು 2000ದ ಸುಮಾರಿಗೆ 'ಭೂಮಿ' ಯೋಜನೆಯನ್ನು ಜಾರಿಗೆ ತಂದಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಉತಾರಗಳು ಗಣಕಯಂತ್ರಕ್ಕೆ ಸೇರಿದವು. ತಾಲೂಕು ಕಚೇರಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಸೇರುತ್ತಿತ್ತು. ಕೈಬರಹದ ನಕಲುಗಳಿಗೆ ಮಾನ್ಯತೆ ಹೋಯಿತು. ವರ್ಗಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ಕಟ್ಟಳೆಯಾಯಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಯಂತ್ರವನ್ನು ತೆರೆಯಬೇಕಾದ್ದರಿಂದ ತಿದ್ದಿದವರು ಯಾರೆಂಬುದೂ ದಾಖಲಾಗತೊಡಗಿತು. 2012ರಲ್ಲಿ ಜಾರಿಯಾದ 'ಸಕಾಲ'ವು ಸರಕಾರಿ ಸೇವೆಗಳಿಗೆ ಕಾಲಮಿತಿ ಗೊತ್ತುಮಾಡಿತು. ಒಂದು ಕಾಲಕ್ಕೆ ಇಂಡಿ ತಾಲೂಕಿನ ಹೋಬಳಿಯಾಗಿದ್ದ ಚಡಚಣವು ಈಗ ತಾನೇ ತಾಲೂಕು. ಉತಾರವನ್ನಂತೂ ಮನೆಯಲ್ಲೇ ಮೊಬೈಲಿನಲ್ಲಿ ನೋಡಬಹುದು.

ಇಷ್ಟಾದರೂ ಒಂದು ಮಾತನ್ನು ನಾವು ಮರೆಯಲಾಗದು. ಯಂತ್ರವು ತನ್ನಲ್ಲಿ ಬರೆದದ್ದನ್ನಷ್ಟೇ ತೋರಿಸುತ್ತದೆ. ಅಜ್ಜ ತೀರಿ ಎಷ್ಟೋ ವರ್ಷವಾಗಿದ್ದರೂ ಅವರ ಹೆಸರೇ ಉಳಿದಿರುವ ಉತಾರಗಳು ನಮ್ಮಲ್ಲಿ ಇಂದಿಗೂ ಇವೆ. ವಾರಸಾ ಆಗದ ಹೊಲವನ್ನು ಉಳುವ ಮಗನಿಗೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ. ಸರಕಾರದ ಪರಿಹಾರವೂ ತಡವಾಗುತ್ತದೆ. ಮುಂದಿನ ತಲೆಮಾರಿಗೆ ವಾರಸುದಾರರು ಹೆಚ್ಚುತ್ತಾರೆ, ಮನಸ್ತಾಪವೂ ಹೆಚ್ಚುತ್ತದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು 2005ರ ಕಾನೂನು ಹೇಳಿದೆ; ಅವರ ಹೆಸರನ್ನು ಮರೆಮಾಚಿ ಮಾಡಿಸಿದ ವಾರಸಾ ನಾಳೆ ವ್ಯಾಜ್ಯಕ್ಕೆ ಬೀಜವಾದೀತು.

ಆದ್ದರಿಂದ ಹಿರಿಯರು ತೀರಿಕೊಂಡ ಮನೆಯವರು ಮರಣ ಪ್ರಮಾಣಪತ್ರ, ವಂಶಾವಳಿಗಳೊಂದಿಗೆ ನಾಡಕಚೇರಿಗೆ ಅರ್ಜಿ ಕೊಡುವುದನ್ನು ಮುಂದೂಡಬಾರದು. ವರ್ಷಕ್ಕೊಮ್ಮೆಯಾದರೂ ಓದುಬಲ್ಲ ಮಕ್ಕಳು ಮನೆಯ ಹಿರಿಯರನ್ನು ಕೂಡ್ರಿಸಿಕೊಂಡು ಉತಾರವನ್ನು ಗಟ್ಟಿಯಾಗಿ ಓದಿ ಹೇಳಲಿ. ಸರ್ವೆ ನಂಬರು, ಎಕರೆ ಗುಂಟೆ, ಹೆಸರಿನ ಅಕ್ಷರಗಳು ಸರಿಯಿವೆಯೇ? ತೀರಿಸಿದ ಸಾಲದ ಬೋಜಾ ಇಳಿದಿದೆಯೇ? ತಪ್ಪು ಕಂಡರೆ ಆಗಲೇ ತಿದ್ದುಪಡಿಗೆ ಅರ್ಜಿ ಕೊಡಬೇಕು.

ಸರಕಾರವು ದಫ್ತರವನ್ನು ನಮ್ಮ ಮುಂದೆ ತೆರೆದಿಟ್ಟಿದೆ. ಓದುವ ಕೆಲಸ ನಮ್ಮದು.